ಮೊದಲು ನೀರು, ಆಮೇಲೆ ಮೀನು

ಅಕ್ವೇರಿಯಂ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಗೆ ಈಗ ಮೊದಲ ದಿನವೇ ಬಲೆ ಕೊಡುತ್ತಾರೆ. ಬಲೆ ಕೈಗೆ ಬಂದವನಿಗೆ ಮೀನು ಹಿಡಿದು, ಚೀಲಕ್ಕೆ ಹಾಕಿ, ಗಂಟು ಬಿಗಿದು ಕೊಡುವುದೇ ಕೆಲಸವೆಂದು ತೋರುತ್ತದೆ. ನನಗೆ ಮೊದಲ ದಿನ ಕೊಟ್ಟದ್ದು ಬಕೆಟ್ಟು. ಒಂದು ಚಳಿಗಾಲ ಪೂರ್ತಿ ನೀರು ಹೊತ್ತ ಮೇಲೆ ಬಲೆ ಮುಟ್ಟಲು ಅಪ್ಪಣೆಯಾಯಿತು. ಕಾಲೇಜಿನ ಖರ್ಚಿಗೆಂದೋ ಮೀನಿನ ಮೇಲಿನ ಆಸೆಯಿಂದಲೋ ಇಂಥ ಅಂಗಡಿಗೆ ಸೇರಲಿರುವ ನಮ್ಮ ತರುಣರಿಗೆ ಆ ಕೆಲಸ ನಿಜವಾಗಿ ಎಂಥದ್ದೆಂದು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಉತ್ಸಾಹ ತುಂಬುವ ಮಾತು ಬೇಕಾದವರು ಬೇರೆಯವರನ್ನು ಕೇಳಬಹುದು.

ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ವ್ಯಾಕರಣ ಕಲಿಸುತ್ತಿದ್ದೆ. ಹೆಂಡತಿ ಪ್ರಭಾಳಿಗೆ ಮಿಶಿಗನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ದೊರೆತಾಗ ರಾಜೀನಾಮೆ ಕೊಟ್ಟು ಅವಳ ಹಿಂದೆ ಬಂದೆ. ನಾವು ನೆಲೆಸಿದ ಊರು ಲಿವೋನಿಯಾದಲ್ಲಿ ಸಂಧಿ ಸಮಾಸಗಳಿಗೆ ಗಿರಾಕಿಗಳಿರಲಿಲ್ಲ. ಮನೆಯಿಂದ ಒಂದು ಮೈಲಿ ದೂರದಲ್ಲಿ, ಟೈರ್ ಅಂಗಡಿಯ ಪಕ್ಕದಲ್ಲಿ ಒಂದು ಅಕ್ವೇರಿಯಂ ಅಂಗಡಿಯಿತ್ತು. ಬಕೆಟ್ಟು ಎತ್ತಬಲ್ಲವರು ಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಎತ್ತಬಲ್ಲೆ ಎಂದೆ. ಐವತ್ತಾರನೆಯ ವಯಸ್ಸಿನಲ್ಲಿ ಆ ಕೆಲಸ ಬಿಡುವವರೆಗೂ ಎತ್ತಿದೆ.

ಅಂಗಡಿಯ ಮಾಲೀಕ ಫ್ರ್ಯಾಂಕ್ ಎಂಬ ಮುದುಕ. ಮಾತು ಕಡಿಮೆ, ಅದರಲ್ಲೂ ಒಳ್ಳೆಯ ಮಾತು ಬಹಳ ಕಡಿಮೆ. ಅವನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು: ತೊಟ್ಟಿ ಕೊಂಡ ದಿನ ಮೀನು ಕೊಡುವಂತಿಲ್ಲ. ಗಿರಾಕಿ ತೊಟ್ಟಿ, ಫಿಲ್ಟರ್, ಹೀಟರ್, ಜಲ್ಲಿ ಎಲ್ಲವನ್ನೂ ಒಯ್ದು, ಜೋಡಿಸಿ, ನೀರು ತುಂಬಿ, ಖಾಲಿ ತೊಟ್ಟಿಯನ್ನು ವಾರಗಟ್ಟಲೆ ನಡೆಸಬೇಕು. ಆಗಾಗ ಒಂದು ಸಣ್ಣ ಬಾಟಲಿಯಲ್ಲಿ ಆ ನೀರನ್ನು ತಂದು ಪರೀಕ್ಷೆ ಮಾಡಿಸಬೇಕು. ನೀರು ಸರಿಯಾಯಿತೆಂದು ನಾವು ಹೇಳಿದ ಮೇಲೆಯೇ ಮೀನು. ಅದಕ್ಕೂ ಮುಂಚೆ ಕೇಳಿದರೆ ‘ಇಲ್ಲ’ ಎನ್ನುವ ಅಧಿಕಾರವನ್ನು ಫ್ರ್ಯಾಂಕ್ ನಮ್ಮೆಲ್ಲರಿಗೂ ಕೊಟ್ಟಿದ್ದ. ನನ್ನ ಇಷ್ಟು ವರ್ಷಗಳ ದುಡಿಮೆಯಲ್ಲಿ ನನಗೆ ಬೆಲೆಯುಳ್ಳದ್ದೆಂದು ತೋರಿದ್ದು ಆ ಅಧಿಕಾರವೊಂದೇ.

ಕಾರಣ ತಿಳಿಯದವರಿಗಾಗಿ ಒಂದಿಷ್ಟು ಪಾಠ. ಮೀನು ವಿಸರ್ಜಿಸಿದ್ದೆಲ್ಲ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ವಿಷ. ಹಳೆಯ ತೊಟ್ಟಿಯ ಫಿಲ್ಟರಿನಲ್ಲಿ, ಜಲ್ಲಿಯ ಸಂದಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ನೆಲೆಸಿದ್ದು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಹೆಚ್ಚಾಗದಿದ್ದರೆ ಮೀನು ತಡೆದುಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಇವೆರಡೂ ಇರುವುದಿಲ್ಲ. ಖಾಲಿ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಅವು ತಾವಾಗಿ ಬಂದು ಬೆಳೆಯುತ್ತವೆ. ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಹೆಚ್ಚು. ಆತುರಪಡಿಸಿದರೆ ಆಗುವುದಿಲ್ಲ.

ಇಷ್ಟನ್ನು ನಮ್ಮವರಿಗೆ ವಿವರಿಸುವುದು ಒಂಬತ್ತನೆಯ ತರಗತಿಗೆ ಛಂದಸ್ಸು ಕಲಿಸುವುದಕ್ಕಿಂತ ಕಷ್ಟವಾಗಿತ್ತು. ಸುತ್ತಮುತ್ತಲ ಕನ್ನಡಿಗರಲ್ಲಿ ನನ್ನ ಹೆಸರು ‘ಮೀನು ಮೇಷ್ಟ್ರು’ ಎಂದು ಬೇಗನೆ ಹಬ್ಬಿತು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಹಾರ್ವರ್ಡಿನಲ್ಲಿ ಸೀಟು ಸಿಕ್ಕರೂ ಸಿಗಬಹುದು, ಮೇಷ್ಟ್ರ ಹತ್ತಿರ ಗಪ್ಪಿ ಮೀನು ಸಿಗುವುದಿಲ್ಲ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಪ್ರಭಾ ನಕ್ಕಳು. ನನಗೂ ಆಗ ನಗು ಬಂದಿತ್ತು.

ಹತ್ತಿರದ ಊರು ಕ್ಯಾಂಟನ್‌ನಲ್ಲಿ ಹೊಸ ಮನೆ ಕೊಂಡಿದ್ದ ಒಬ್ಬರು ಒಂದು ಶುಕ್ರವಾರ ಸಂಜೆ ಬಂದರು. ಮರುದಿನ ಬೆಳಗ್ಗೆ ಗೃಹಪ್ರವೇಶ. ವಾಸ್ತು ಪ್ರಕಾರ ಈಶಾನ್ಯದಲ್ಲಿ ನೀರಿರಬೇಕು, ನೀರಿನಲ್ಲಿ ಚಿನ್ನದ ಬಣ್ಣದ ಎಂಟು ಮೀನು ಮತ್ತು ಕಪ್ಪು ಬಣ್ಣದ ಒಂದು ಮೀನು ಇರಬೇಕು ಎಂದು ಯಾರೋ ಹೇಳಿದ್ದರಂತೆ. ಹಾಲು ಉಕ್ಕುವ ಹೊತ್ತಿಗೆ ಒಂಬತ್ತೂ ಈಜುತ್ತಿರಬೇಕು. ನಾನು ಆಗುವುದಿಲ್ಲವೆಂದೆ.

“ಪುರೋಹಿತರೇ ಒಪ್ಪಿದಾರೆ. ನಿಮ್ಮದೇನ್ರೀ ಮೇಷ್ಟ್ರೇ ಅಡ್ಡಿ?”

“ಪುರೋಹಿತರು ಮನೆಗೆ ಮುಹೂರ್ತ ನೋಡಿದಾರೆ. ನೀರಿಗೆ ನೋಡಿಲ್ಲ.”

ಅವರು ಬೇರೆ ಅಂಗಡಿಯಿಂದ ಕೊಂಡರು. ಮುಂದಿನ ವಾರ ಮತ್ತೆ ಬಂದು, ಕಪ್ಪು ಮೀನೊಂದು ಬೇಕು, ಹಳೆಯದು ಹೋಯಿತು ಎಂದರು. ಕಪ್ಪು ಮೀನು ಸತ್ತರೆ ಮನೆಯ ಕೇಡು ಅದರ ಜೊತೆ ಹೋಯಿತೆಂದು ಲೆಕ್ಕವಂತೆ. ಆದ್ದರಿಂದ ಅವರಿಗೆ ಬೇಸರವೇನೂ ಇರಲಿಲ್ಲ, ಖುಷಿಯಾಗಿಯೇ ಇದ್ದರು. ಕೇಡು ಹೋಯಿತೋ ಇಲ್ಲವೋ, ಅಮೋನಿಯಾ ಮಾತ್ರ ಹೋಗಿರಲಿಲ್ಲ. ತಿಂಗಳೊಳಗೆ ಉಳಿದ ಎಂಟೂ ಅದೇ ದಾರಿ ಹಿಡಿದವು. ಆ ತೊಟ್ಟಿಯಲ್ಲಿ ಈಗ ಪ್ಲಾಸ್ಟಿಕ್ ಕಮಲಗಳಿವೆಯೆಂದು ಕೇಳಿದ್ದೇನೆ.

ಇನ್ನೊಬ್ಬ ಗೃಹಿಣಿ ಎಲ್ಲ ನಿಯಮ ಪಾಲಿಸಿ, ಕಾದು, ಮೀನು ಬಿಟ್ಟು, ಬೇಸಗೆಯುದ್ದಕ್ಕೂ ಚೆನ್ನಾಗಿ ಸಾಕಿದರು. ಗೌರಿ ಹಬ್ಬ ಬಂತು. ಹಬ್ಬಕ್ಕೆ ಮನೆ ತೊಳೆಯುವಾಗ ತೊಟ್ಟಿಯನ್ನು ಬಿಡುವುದುಂಟೇ? ಮೀನುಗಳನ್ನು ಪಾತ್ರೆಗೆ ಹಾಕಿ, ಜಲ್ಲಿಯನ್ನು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ಫಿಲ್ಟರಿನ ಸ್ಪಂಜನ್ನು ಬಿಳಿಯಾಗುವ ತನಕ ನಲ್ಲಿಯ ಕೆಳಗೆ ಹಿಂಡಿ, ಹೊಸ ನೀರು ತುಂಬಿದರು. ತೊಟ್ಟಿ ಫಳಫಳ ಹೊಳೆಯುತ್ತಿರುವ ಫೋಟೋವನ್ನು ಮೆಚ್ಚುಗೆಯ ನಿರೀಕ್ಷೆಯಲ್ಲಿ ನನಗೆ ಕಳಿಸಿದರು. ಬೇಸಗೆಯಿಡೀ ಬೆಳೆದ ಬ್ಯಾಕ್ಟೀರಿಯಾ ಸಿಂಕಿನ ತೂತಿನಲ್ಲಿ ಇಳಿದುಹೋಗಿತ್ತು. ಗಣಪತಿ ವಿಸರ್ಜನೆಯ ವೇಳೆಗೆ ಮೀನುಗಳ ವಿಸರ್ಜನೆಯೂ ಮುಗಿಯಿತು.

ಒಂದೇ ಮಾತಿಗೆ ಅರ್ಥಮಾಡಿಕೊಂಡವರು ದಾವಣಗೆರೆಯ ರಫೀಕ್ ಸಾಹೇಬರು. ಅವರದು ಬೇಕರಿ. “ಹಿಟ್ಟು ಹುದುಗೋ ತನಕ ಕಾಯೋದು ನಮ್ಗೇನು ಹೊಸ್ದೇನ್ರೀ ಮೇಷ್ಟ್ರ,” ಎಂದು ಖಾಲಿ ತೊಟ್ಟಿ ಹೊತ್ತುಕೊಂಡು ಹೋದರು. ಅವರ ಮೀನುಗಳ ಮರಿಮಕ್ಕಳು ಇಂದಿಗೂ ಬೇಕರಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಈಜುತ್ತಿವೆ. ಅಂಥವರು ವಿರಳ.

ವಿಧಾನಗಳು ಬದಲಾದವು. ಮೊದಲು ಗಾಜಿನ ನಳಿಕೆಯಲ್ಲಿ ಹನಿ ಹಾಕಿ, ಅಲುಗಿಸಿ, ಬಣ್ಣ ನೋಡುತ್ತಿದ್ದೆವು. ಆಮೇಲೆ ಅದ್ದಿ ತೆಗೆಯುವ ಪಟ್ಟಿಗಳು ಬಂದವು, ಕೆಲಸ ಬೇಗ, ಫಲಿತಾಂಶ ಅಂದಾಜು. ಮತ್ತೆ ಬಾಟಲಿಯಲ್ಲಿ ತುಂಬಿದ ಬ್ಯಾಕ್ಟೀರಿಯಾ ಬಂತು. ಅದು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಒಳ್ಳೆಯ ಬಾಟಲಿಯಾಗಿದ್ದು, ಬಿಸಿಲಿನಲ್ಲಿ ಬೆಂದಿರದಿದ್ದರೆ, ಕಾಯುವ ಕಾಲ ಒಂದಿಷ್ಟು ಕಡಿಮೆಯಾಗುತ್ತದೆ. ಆದರೆ ಬಾಟಲಿ ಬಂದದ್ದೇ ಕಾಯುವುದು ಬೇಡವೆಂದು ಹೇಳುವವರು ಹುಟ್ಟಿಕೊಂಡರು. ಫ್ರ್ಯಾಂಕ್ ಅಂಗಡಿಯನ್ನು ಒಂದು ದೊಡ್ಡ ಕಂಪನಿಗೆ ಮಾರಿ ಫ್ಲಾರಿಡಾಕ್ಕೆ ಹೋದ. ಹೋಗುವ ದಿನ ನನಗೆ ಹಸ್ತಲಾಘವ ಕೊಡಲಿಲ್ಲ. ಮೂರನೆಯ ಸಾಲಿನ ಹೀಟರ್ ನೋಡಿಕೋ ಎಂದಷ್ಟೇ ಹೇಳಿ ಹೋದ.

ಹೊಸ ಮ್ಯಾನೇಜರ್ ಕೈಲ್. ಮೂವತ್ತರ ಒಳಗಿನವನು, ಹಿಂದೆ ಸೋಫಾ ಮಾರುತ್ತಿದ್ದವನು. ಕೆಟ್ಟವನಲ್ಲ, ತನ್ನ ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ದಾಟಿಸುವುದೇ ಕೆಲಸವೆಂದು ನಂಬಿದ್ದ. ಅವನು ಬಂದ ವರ್ಷದ ಶರತ್ಕಾಲದಲ್ಲಿ ನಮ್ಮನ್ನೆಲ್ಲ ತರಬೇತಿಗೆಂದು ಕಂಪನಿಯ ಮುಖ್ಯ ಕಚೇರಿಯಿದ್ದ ಶಿಕಾಗೋ ಕಡೆಯ ಹಾಫ್‌ಮನ್ ಎಸ್ಟೇಟ್ಸಿಗೆ ಕಳಿಸಿದರು. ಮಳೆಯಲ್ಲಿ ಕೈಲ್ ಜೊತೆ ಅರ್ಧ ದಿನ ಡ್ರೈವ್. ಹೋಟೆಲಿನ ಸಭಾಂಗಣದಲ್ಲಿ, ಕೋಟು ತೊಟ್ಟ ಒಬ್ಬ ತರುಣಿ ಪರದೆಯ ಮೇಲೆ ಚಿತ್ರ ತೋರಿಸುತ್ತ, ಖಾಲಿ ತೊಟ್ಟಿಯೊಂದಿಗೆ ಹೊರಬಿದ್ದ ಗಿರಾಕಿ ಅರ್ಧ ಗಿರಾಕಿ ಎಂದು ವಿವರಿಸಿದಳು. ಇನ್ನು ಮುಂದೆ ತೊಟ್ಟಿ, ಬಾಟಲಿ, ಮೀನು ಮೂರೂ ಒಂದೇ ಪೆಟ್ಟಿಗೆಯ ವ್ಯಾಪಾರ, ಒಂದೇ ದಿನ. ನಾನು ಕೈಯೆತ್ತಿದೆ. ಮೀನು ಸತ್ತರೆ ಏನೆಂದು ಕೇಳಿದೆ. ಅವಳು ನಗುತ್ತಲೇ, ಆಗ ಗಿರಾಕಿ ಮರಳಿ ಬರುತ್ತಾನಲ್ಲ ಎಂದಳು. ಸಭೆಯೂ ನಕ್ಕಿತು. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಯಾವ ನಗು ತಮಾಷೆಯದು, ಯಾವುದು ಒಪ್ಪಿಗೆಯದು ಎಂದು ತಿಳಿಯುತ್ತದೆ. ಅದು ಒಪ್ಪಿಗೆಯ ನಗು.

ಮರಳುವ ದಾರಿಯಲ್ಲಿ ಕೈಲ್‌ನೊಂದಿಗೆ ವಾದಿಸಿದೆ. ಲಿವೋನಿಯಾದಲ್ಲಿ ಮಾತ್ರವಾದರೂ ಹಳೆಯ ನಿಯಮ ಉಳಿಯಲಿ ಎಂದೆ. ದಾರಿಯಲ್ಲಿನ ಕಲಮಜೂ ಊರು ದಾಟುವ ಹೊತ್ತಿಗೆ ಅವನು ಒಂದು ಒಪ್ಪಂದಕ್ಕೆ ಬಂದ. ನಿನ್ನ ವಿಧಾನದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ತೊಟ್ಟಿ ಮಾಡಿ ತೋರಿಸು. ಹೊಸ ಗಿರಾಕಿ, ಮೊದಲ ತೊಟ್ಟಿ. ವಸಂತದವರೆಗೆ ಅದು ನಿಂತರೆ, ಗಿರಾಕಿ ಸಂತೋಷವಾಗಿದ್ದರೆ, ಶಿಕಾಗೋದವರ ಎದುರು ನಿನ್ನ ಪರವಾಗಿ ಮಾತಾಡುತ್ತೇನೆ. ‘ಇಲ್ಲ’ ಎನ್ನುವ ಅಧಿಕಾರ ನಿನ್ನಲ್ಲೇ ಉಳಿಯುತ್ತದೆ. ನಿಲ್ಲದಿದ್ದರೆ ಈ ವಿಷಯ ಮತ್ತೆ ಎತ್ತಬೇಡ. ನ್ಯಾಯವಾದ ಮಾತೆಂದು ನಾನು ಒಪ್ಪಿದೆ.

ಆ ತೊಟ್ಟಿಯ ಒಡತಿ ಅನಘಾ, ಹನ್ನೊಂದರ ಹುಡುಗಿ. ತಂದೆ ಶ್ರೀಧರ ಆಬರ್ನ್ ಹಿಲ್ಸಿನಲ್ಲಿ ಕಾರಿನ ಎಂಜಿನಿಯರ್, ಮೈಸೂರಿನವರು. ಮೀನು ಬೇಕೆಂದು ಮಗಳು ಹಟ ಹಿಡಿದಿದ್ದಳು. ಸಾಧಾರಣವಾಗಿ ನಮ್ಮ ಮಕ್ಕಳು ನನ್ನ ಪಾಠ ಕೇಳುತ್ತ ಫೋನ್ ನೋಡುತ್ತಾರೆ. ಇವಳು ನನ್ನನ್ನೇ ನೋಡಿದಳು. ಖಾಲಿ ತೊಟ್ಟಿಗೆ ಯಾಕೆ ಆಹಾರ ಹಾಕಬೇಕೆಂದು ಕೇಳಿ ತಿಳಿದುಕೊಂಡಳು. ಪ್ರತಿ ಶನಿವಾರ ನೀರಿನ ಬಾಟಲಿ ತಂದಳು. ಅಮೋನಿಯಾ ಏರಿತು, ಇಳಿಯಿತು. ನೈಟ್ರೈಟ್ ಏರಿ, ಹಟಮಾರಿಯಂತೆ ಅಲ್ಲೇ ಕೂತಿತು. “ಅಂಕಲ್, ಇಟ್ಸ್ ನಾಟ್ ಮೂವಿಂಗ್,” ಎಂದು ಮುಖ ಸಣ್ಣದು ಮಾಡಿದಳೇ ಹೊರತು ಮೀನು ಕೊಡಿ ಎನ್ನಲಿಲ್ಲ. ಕೈಲ್ ಕೂಡ ಶನಿವಾರಗಳಲ್ಲಿ ಬಂದು ನಳಿಕೆಯ ಬಣ್ಣ ನೋಡತೊಡಗಿದ. ಜನವರಿಯಲ್ಲಿ ಒಂದು ದಿನ ಎರಡೂ ಸೊನ್ನೆಗೆ ಬಂದವು. ಪ್ಲಾಟಿ ಮೀನು, ತಳದಲ್ಲಿ ಮೂಸುತ್ತ ಓಡಾಡುವ ಕೋರಿ ಮೀನು, ಪಾಚಿ ತಿನ್ನಲು ಒಂದು ಬಸವನಹುಳು: ನಾನೇ ಆರಿಸಿ ಕೊಟ್ಟೆ.

ಆ ದಿನ ಅವರ ಜೊತೆ ಶ್ರೀಧರರ ತಾಯಿ ಸುಶೀಲಮ್ಮನವರೂ ಬಂದಿದ್ದರು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದವರು, ಸೀರೆಯ ಮೇಲೆ ಮಗನ ಜಾಕೆಟ್, ಕಾಲಿಗೆ ಸೊಸೆಯ ಶೂ. ಪ್ರತಿ ಸಾಲನ್ನೂ ನಿಂತು ನೋಡಿ, ಏಕಾದಶಿಯ ದಿನ ಇವಕ್ಕೆ ಊಟ ಹಾಕಬೇಕೋ ಬೇಡವೋ ಎಂದು ಕೇಳಿದರು. ಮೀನಿಗೆ ಆಗಾಗ ಒಂದು ದಿನ ಉಪವಾಸ ಒಳ್ಳೆಯದೇ ಎಂದೆ.

“ನೋಡಿದ್ಯೇನೇ ಅನಘಾ, ಮೀನೂ ನಿನಗಿಂತ ವಾಸಿ.”

ನೀರು ಬದಲಿಸುವ ಕ್ರಮವನ್ನು ಅವರಿಗೂ ಹೇಳಿದೆ. ವಾರಕ್ಕೊಮ್ಮೆ ಸ್ವಲ್ಪ ಹಳೆಯ ನೀರು ತೆಗೆದು ಹೊಸದನ್ನು ಸೇರಿಸಬೇಕು. ಇಲ್ಲಿಯ ಚಳಿಗಾಲದಲ್ಲಿ ನಲ್ಲಿಯ ನೀರು ಹಿಮದಂತಿರುವುದರಿಂದ ಹಿಂದಿನ ರಾತ್ರಿಯೇ ಹಿಡಿದು ಮನೆಯೊಳಗಿಟ್ಟು, ಕ್ಲೋರಿನ್ ತೆಗೆಯುವ ಹನಿ ಹಾಕಿ, ಆಮೇಲೆ ಬಳಸಬೇಕು. “ನೀರು ಹಿಡಿದಿಡೋದು ನನಗೆ ಬಿಡಿ ಮೇಷ್ಟ್ರೇ, ಹುಟ್ಟಿದಾಗಿನಿಂದ ಮಾಡ್ತಿರೋ ಕೆಲಸ,” ಎಂದರು. ಮನೆಯಲ್ಲಿ ಹೊಣೆಯರಿತ ಹಿರಿಯರೊಬ್ಬರಿದ್ದಾರೆಂದು ನನಗೆ ನೆಮ್ಮದಿಯಾಯಿತು.

ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಬಸವನಹುಳು ಗಾಜಿನಿಂದ ಕಳಚಿ ಬಿದ್ದು ಚಿಪ್ಪಿನೊಳಗೆ ಸೇರಿಕೊಂಡಿತು, ಹೊರಬರಲಿಲ್ಲ. ಅನಂತರ ಕೋರಿಗಳು ಒಂದೊಂದಾಗಿ ಸತ್ತವು. ಅನಘಾ ನೀರು ತಂದಳು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಮತ್ತೊಮ್ಮೆ ಪರೀಕ್ಷಿಸಿದೆ, ಅದೇ ಬಂತು. ಹುಡುಗಿ ಅಳಲಿಲ್ಲ, ಆದರೆ ಮೊದಲ ಬಾರಿಗೆ ನನ್ನ ಮುಖ ನೋಡದೆ ನಿಂತಿದ್ದಳು. ಮುಂದಿನ ವಾರ ಪ್ಲಾಟಿಗಳೂ ಹೋದವು. ಆ ರಾತ್ರಿ ಶ್ರೀಧರರು ಇಂಟರ್ನೆಟ್ಟಿನಲ್ಲಿ ಅಂಗಡಿಯ ರಿವ್ಯೂ ಬರೆದರು: ಒಂದೇ ನಕ್ಷತ್ರ. ತಿಂಗಳುಗಟ್ಟಲೆ ಮಗುವನ್ನು ಕಾಯಿಸಿ, ದೊಡ್ಡ ಉಪನ್ಯಾಸ ಕೊಟ್ಟು, ಕೊನೆಗೆ ರೋಗದ ಮೀನು ಕೊಟ್ಟರು ಎಂದಿತ್ತು. ನನ್ನ ಹೆಸರೂ ಇತ್ತು.

ಕೈಲ್ ತನ್ನ ಫೋನಿನಲ್ಲಿ ಅದನ್ನು ತೋರಿಸಿದ. ನಾನು ಕೊಟ್ಟ ಮೀನಿಗೆ ರೋಗವಿರಲಿಲ್ಲ, ಅಂಗಡಿಯ ಅದೇ ತೊಟ್ಟಿಯಲ್ಲಿದ್ದ ಉಳಿದ ಮೀನುಗಳು ಇಲ್ಲೇ ಆರೋಗ್ಯವಾಗಿವೆ ಎಂದೆ. ಹಾಗಾದರೆ ಕಾರಣ ತಂದುಕೊಡು, ಶಿಕಾಗೋಗೆ ಉತ್ತರ ಕಳಿಸುವ ಮೊದಲು ಒಂದು ವಾರ ಕಾಯುತ್ತೇನೆ ಎಂದ. ಅವನ ಧ್ವನಿಯಲ್ಲಿ ಸೇಡಿರಲಿಲ್ಲ. ಸ್ವಲ್ಪ ನಿರಾಶೆಯೇ ಇತ್ತು. ಅವನಿಗೂ ಆ ತೊಟ್ಟಿಯ ಮೇಲೆ ಆಸೆ ಹುಟ್ಟಿತ್ತೆಂದು ನನಗೆ ಆಗ ಅನ್ನಿಸಿತು.

ಭಾನುವಾರ ಪ್ರಭಾಳನ್ನು ಕರೆದುಕೊಂಡು ಶ್ರೀಧರರ ಮನೆಗೆ ಹೋದೆ. ಬರುತ್ತೇನೆಂದು ಫೋನ್ ಮಾಡಿದ್ದೆ; ರಿವ್ಯೂ ಬರೆದವರು ಬೇಡವೆನ್ನಲಿಲ್ಲ, ಅಷ್ಟು ಸಂಕೋಚ ಉಳಿದಿತ್ತು. ಸುಶೀಲಮ್ಮ ಕಾಫಿ, ಚಕ್ಕುಲಿ ತಂದಿಟ್ಟರು. ತೊಟ್ಟಿ ಊಟದ ಮನೆಯ ಗೋಡೆಗೆ ಒರಗಿ, ದೀಪ ಉರಿಸಿಕೊಂಡು, ಒಂದು ಜೀವವೂ ಇಲ್ಲದೆ ಗುಳುಗುಳು ಎನ್ನುತ್ತಿತ್ತು. ಅದರ ಪಕ್ಕದ ಮಣೆಯ ಮೇಲೆ ಬಂಗಾರದಂತೆ ಬೆಳಗಿದ ತಾಮ್ರದ ಕೊಡ, ಮುಚ್ಚಳ ಮುಚ್ಚಿ ಇಟ್ಟಿತ್ತು.

“ಇದರಲ್ಲಿ ಏನಮ್ಮಾ?”

“ಮೀನಿನ ನೀರು. ನೀವು ರಾತ್ರಿಯೇ ಹಿಡಿದಿಡಿ ಅಂದ್ರಲ್ಲ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಯಾಕೆ ಇಡ್ಲಿ, ಜೀವ ಇರೋವು ಕುಡಿಯೋ ನೀರು. ನಾನು ಬೆಳಗ್ಗೆ ಕುಡಿಯೋದೂ ಇದರದ್ದೇ. ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೀತೀನಿ.”

ಪ್ರಭಾ ನನ್ನ ಕಡೆ ನೋಡಿದಳು. ನಾನು ಚಕ್ಕುಲಿ ಕೆಳಗಿಟ್ಟೆ.

ತಾಮ್ರ ಮನುಷ್ಯರಿಗೆ ಎಷ್ಟು ಹಿತವೋ ನಾನರಿಯೆ. ಅದರ ಅಂಶ ಕರಗಿದ ನೀರು ಬಸವನಹುಳುವಿಗೆ ಮಾರಕ, ಕೋರಿಯಂಥ ಮೀನಿಗೂ ಕ್ರೂರ. ಹುಳಿಯಲ್ಲಿ ಉಜ್ಜಿದ ಹೊಸ ಮೈಯಿಂದ ರಾತ್ರಿಯಿಡೀ ಇಳಿದ ತಾಮ್ರ ವಾರವಾರವೂ ತೊಟ್ಟಿಗೆ ಸೇರಿತ್ತು. ನಮ್ಮ ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಬೇರೆಯದೇ ಪರೀಕ್ಷೆ ಬೇಕು. ಖಚಿತವಾಗುವ ಮೊದಲು ಅವರಿಗೆ ಹೇಳುವುದು ಬೇಡವೆಂದು, ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ನೇರ ಅಂಗಡಿಗೆ ಹೋಗಿ ತಾಮ್ರದ ಪರೀಕ್ಷೆ ಮಾಡಿದೆ. ನಳಿಕೆಯ ಬಣ್ಣ ತಿರುಗಿತು. ಪ್ರಭಾ ಕಾರಿನಲ್ಲೇ ಕುಳಿತಿದ್ದಳು. “ಸದ್ಯ, ಕಾರಣ ಸಿಕ್ಕಿತಲ್ಲ. ಇನ್ನು ನಿಮ್ಮ ಹಾರ್ವರ್ಡಿನ ಅಡ್ಮಿಷನ್ ಟೆಸ್ಟ್ ನಡೀಲಿ,” ಎಂದಳು. ಅವಳು ಅಷ್ಟು ಸಮಾಧಾನದಿಂದ ಮಾತಾಡಿದ್ದು ಬಹಳ ದಿನಗಳ ಮೇಲೆ.

ಕೈಲ್‌ಗೆ ಅಂದೇ ಹೇಳಿದೆ. ಅವನು ಕೇಳಿ, ನಂಬುತ್ತೇನೆ ಎಂದ. ಆದರೆ ಶಿಕಾಗೋದವರು ಓದುವುದು ನಿನ್ನ ನಳಿಕೆಯನ್ನಲ್ಲ, ರಿವ್ಯೂವನ್ನು. ಬರೆದವರೇ ಅದನ್ನು ತಿದ್ದಲಿ ಎಂದ. ಅದು ಕಷ್ಟವಾಗಬಹುದೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಸಂಜೆ ಶ್ರೀಧರರು ನನ್ನನ್ನು ಮನೆಯೊಳಗೆ ಕರೆಯದೆ ಗ್ಯಾರೇಜಿನಲ್ಲೇ ನಿಲ್ಲಿಸಿ ಮಾತಾಡಿದರು. ಹಿಮ ಎತ್ತುವ ಸಲಿಕೆ ಕೈಯಲ್ಲಿತ್ತು. ಪೂರ್ತಿ ಕೇಳಿದರು. ಎಂಜಿನಿಯರ್ ಆದದ್ದರಿಂದ ಎರಡನೆಯ ಸಲ ಹೇಳಬೇಕಾಗಲಿಲ್ಲ.

“ಮೇಷ್ಟ್ರೇ, ಇದನ್ನ ಇಲ್ಲಿಗೇ ಬಿಟ್ಟುಬಿಡೋಣ. ತನ್ನ ಕೈಯಿಂದ ಮೊಮ್ಮಗಳ ಮೀನು ಸತ್ತವು ಅಂತ ಗೊತ್ತಾದ್ರೆ ಅಮ್ಮ ಊಟ ಬಿಡ್ತಾರೆ. ನಿಮಗೆ ಗೊತ್ತಿಲ್ಲ ಅವರ ಸ್ವಭಾವ.”

“ಅವರಿಗೆ ಹೇಳಬೇಡಿ. ರಿವ್ಯೂ ಮಾತ್ರ ತೆಗೀರಿ.”

“ತೆಗೆದ್ರೆ ನನ್ನ ವೈಫ್ ಯಾಕೆ ಅಂತ ಕೇಳ್ತಾಳೆ. ಅವಳಿಗೆ ಗೊತ್ತಾದ್ರೆ ಒಂದೇ ಗಂಟೇಲಿ ಅಮ್ಮನಿಗೂ ಗೊತ್ತಾಗತ್ತೆ. ಅವರಿಬ್ಬರದು ಮೊದಲೇ ಅಷ್ಟಕ್ಕಷ್ಟೆ.”

“ಅದರಲ್ಲಿ ನನ್ನ ಹೆಸರಿದೆ ಶ್ರೀಧರ್. ಆ ಅಂಗಡಿಯಲ್ಲಿ ಕೊಡಲ್ಲ ಅಂತ ಹೇಳೋಕೆ ಇರೋದು ನಾನೊಬ್ಬ. ನಾಳೆಯಿಂದ ಯಾರೂ ಹೇಳಲ್ಲ.”

ಅವರು ಸಲಿಕೆಯನ್ನು ಗೋಡೆಗೆ ಒರಗಿಸಿದರು. “ಮೀನು ತಾನೇ ಮೇಷ್ಟ್ರೇ,” ಎಂದರು.

ಮನೆಗೆ ಬಂದಾಗ, ಸುಶೀಲಮ್ಮನವರಿಗೆ ನಾನೇ ಹೇಳಿಬಿಡಬೇಕೆಂದು ಪ್ರಭಾ ವಾದಿಸಿದಳು. ಮಗನೇ ಬೇಡವೆಂದ ಮೇಲೆ ಅವನ ಮನೆಗೆ ಹೋಗಿ ತಾಯಿಗೆ ಹೇಳುವುದು ಸಭ್ಯತೆಯಲ್ಲವೆಂದು ನಾನು ವಾದಿಸಿದೆ. ವಾದದಲ್ಲಿ ನಾನೇ ಗೆದ್ದೆ. ಅವಳೊಂದಿಗಿನ ವಾದಗಳಲ್ಲಿ ನಾನು ಗೆದ್ದದ್ದು ಕಡಿಮೆ; ಅದೊಂದನ್ನು ಸೋತಿದ್ದರೆ ಚೆನ್ನಾಗಿತ್ತು.

ವಾರ ಮುಗಿಯಿತು. ಕೈಲ್ ಶಿಕಾಗೋಗೆ ಉತ್ತರ ಕಳಿಸಿದ. ಒಂದೇ ಪೆಟ್ಟಿಗೆಯ ವ್ಯಾಪಾರ ಲಿವೋನಿಯಾದಲ್ಲೂ ಶುರುವಾಯಿತು. ಮೀನಿನ ವಿಭಾಗಕ್ಕೆ ಹೊಸಬರು ಬಂದರು. ಮೊದಲ ದಿನವೇ ಅವರಿಗೆ ಬಲೆ ಕೊಟ್ಟರು. ನನ್ನ ಬೆನ್ನುನೋವಿನ ಬಗ್ಗೆ ಕಾಳಜಿ ತೋರಿಸಿ ನನ್ನನ್ನು ಬಿಲ್ ಕೌಂಟರಿಗೆ ಕಳಿಸಿದರು. ಮೇಲಿನವರು ಕಾಳಜಿ ತೋರಿಸಿದಾಗ ಎಚ್ಚರವಾಗಿರಿ ಎಂದು ಕೆಲಸಕ್ಕೆ ಸೇರುವವರಿಗೆ ಹೇಳಬಯಸುತ್ತೇನೆ. ಕೌಂಟರಿನಲ್ಲಿ ಕುಳಿತವನಿಗೆ ಇಡೀ ಅಂಗಡಿಯ ವ್ಯಾಪಾರ ಕಣ್ಣೆದುರು ಹಾದುಹೋಗುತ್ತದೆ. ಒಣ ತೊಟ್ಟಿಯ ಪೆಟ್ಟಿಗೆ, ಅದರ ಮೇಲೆ ಚೀಲದಲ್ಲಿ ಹೊಳೆಯುವ ಮೀನು. ನಾನು ಯಂತ್ರಕ್ಕೆ ತೋರಿಸಬೇಕು, ಅದು ಕೂಗಬೇಕು, ಧನ್ಯವಾದ ಹೇಳಬೇಕು. ಕಾಯಿರಿ ಎಂದು ಒಂದೆರಡು ಸಲ ಹೇಳಿದೆ. ಕೌಂಟರಿನಲ್ಲಿ ಸಾಲು ನಿಲ್ಲುತ್ತದೆ, ಸಲಹೆ ಕೊಡುವುದು ವಿಭಾಗದವರ ಕೆಲಸ ಎಂದು ಕೈಲ್ ಸೌಮ್ಯವಾಗಿಯೇ ಹೇಳಿದ.

ಏಪ್ರಿಲ್‌ನಲ್ಲಿ ಒಂದು ಶನಿವಾರ ಶ್ರೀಧರರು ಸಾಲಿನಲ್ಲಿ ನಿಂತಿದ್ದರು. ಜೊತೆಗೆ ಸುಶೀಲಮ್ಮ ಇದ್ದರು, ಅನಘಾ ಬಂದಿರಲಿಲ್ಲ. ಸುಶೀಲಮ್ಮನವರ ಕೈಯಲ್ಲಿ ಹೊಸ ಮೀನಿನ ಚೀಲಗಳು, ಒಂದರಲ್ಲಿ ಬಸವನಹುಳು. ಶ್ರೀಧರರು ನನ್ನನ್ನು ಕಂಡು, ಬೇರೆ ಕೌಂಟರ್ ತೆರೆದಿದೆಯೇ ಎಂದು ಆಚೀಚೆ ನೋಡಿದರು. ತೆರೆದಿರಲಿಲ್ಲ.

“ಅರೆ, ಮೇಷ್ಟ್ರು. ಈಗ ಇಲ್ಲಿ ಕೂರ್ತೀರಾ? ಒಳ್ಳೇದಾಯ್ತು, ನಿಲ್ಲೋ ಕಷ್ಟ ತಪ್ತು,” ಎಂದರು ಸುಶೀಲಮ್ಮ. “ಹೋದ ಸಲ ನಿಮ್ಮ ಅಂಗಡಿ ಮೀನಿಗೆ ಏನೋ ಕಾಯಿಲೆ ಇತ್ತಂತೆ. ಮಗು ಪಾಪ, ಖಾಲಿ ಟ್ಯಾಂಕ್ ನೋಡ್ಕೊಂಡು ಕೂತಿರತ್ತೆ. ನಾನು ಊರಿಗೆ ಹೊರಡೋದರೊಳಗೆ ತುಂಬಿಸಿಕೊಟ್ಟು ಹೋಗೋಣ ಅಂತ. ನೀರು ನಿನ್ನೆಯೇ ಹಿಡಿದಿಟ್ಟಿದೀನಿ, ಕೊಡದ ತುಂಬ.”

ಅಂದರೆ ಮಗ ಕೊಡದ ವಿಷಯವನ್ನೂ ಹೇಳಿರಲಿಲ್ಲ. ತಾಯಿಯ ಕಣ್ಣು ತಪ್ಪಿಸಿ ಆ ನೀರು ಚೆಲ್ಲುವ ಯೋಚನೆಯಿತ್ತೋ, ಯಾವ ಯೋಚನೆಯೂ ಇರಲಿಲ್ಲವೋ ನನಗೆ ತಿಳಿಯದು. ಶ್ರೀಧರರು ಕಾರ್ಡನ್ನು ಆಗಲೇ ಯಂತ್ರಕ್ಕೆ ತುರುಕಿದ್ದರು. ಮಾರಾಟ ಮುಗಿಯಿತು. ನಾನು ರಸೀದಿ ಹರಿದು ಕೊಡುತ್ತ, ಕೊಡದಲ್ಲಿ ಇಡಬೇಡಿ ಅಮ್ಮಾ, ತಾಮ್ರ ಮೀನಿಗೆ ವಿಷ, ಹಿಂದಿನವು ಸತ್ತದ್ದು ಅದರಿಂದಲೇ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ ಎಂದೆ.

ಸುಶೀಲಮ್ಮ ಚೀಲದಲ್ಲಿದ್ದ ಬಸವನಹುಳುವನ್ನು ನೋಡಿದರು. ಅವರು ಅಳುತ್ತಾರೆಂದೋ ಕುಸಿಯುತ್ತಾರೆಂದೋ ಮಗ ತಾಯಿಯ ಮೊಣಕೈ ಹಿಡಿದುಕೊಂಡ. ಅವರು ಕೈ ಬಿಡಿಸಿಕೊಂಡರು.

“ಇಷ್ಟೇನಾ? ನನಗೆ ಒಳ್ಳೇದಾಗಿದ್ದು ಮೀನಿಗೂ ಒಳ್ಳೇದಾಗಬೇಕು ಅಂತ ಎಲ್ಲಿದೆ. ಒಂದು ಮಾತು ಹೇಳಿದ್ರೆ ಸ್ಟೀಲ್ ಬಕೆಟ್ಟಲ್ಲಿ ಇಡ್ತಿದ್ನಪ್ಪ.” ಆಮೇಲೆ ನನ್ನ ಕಡೆ ತಿರುಗಿದರು. “ಅವತ್ತು ಮನೆಗೆ ಬಂದಿದ್ರಲ್ಲ, ಅವತ್ತೇ ಗೊತ್ತಾಯ್ತಾ ನಿಮಗೆ?”

ಹೌದೆಂದೆ.

“ಚಕ್ಕುಲಿ ತಿಂದ್ಕೊಂಡು ಸುಮ್ಮನೆ ಎದ್ದು ಹೋದ್ರಾ ಮೇಷ್ಟ್ರೇ?”

ನಾನು ಶ್ರೀಧರರನ್ನು ನೋಡಿದೆ. ಅವರು ಯಂತ್ರದಲ್ಲೇ ಉಳಿದಿದ್ದ ತಮ್ಮ ಕಾರ್ಡನ್ನು ನೋಡುತ್ತಿದ್ದರು. ಹಿಂದೆ ನಿಂತಿದ್ದವರು ನಾಯಿಯ ಆಹಾರದ ಮೂಟೆಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದರು.

ಸುಶೀಲಮ್ಮ ಚೀಲಗಳನ್ನು ಒಂದೊಂದಾಗಿ ಕೌಂಟರಿನ ಮೇಲೆ ಮರಳಿ ಇಟ್ಟರು. “ಇವತ್ತು ಬೇಡ. ಆ ನೀರೆಲ್ಲ ಬದಲಾಯಿಸಿ, ನೀವು ಸರಿ ಅಂದ ಮೇಲೆ ಮಗೂನೇ ಬಂದು ತಗೊಳ್ಳಲಿ.” ನಾನು ಸರಿ ಎನ್ನುವ ಜಾಗದಲ್ಲಿ ಈಗ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರು ಮಗನಿಗಾಗಿ ಕಾಯದೆ ಬಾಗಿಲ ಕಡೆ ನಡೆದರು.

ಕೊಂಡದ್ದನ್ನು ಮರಳಿ ಪಡೆಯಲು ಮ್ಯಾನೇಜರ್ ಬೇಕು. ಕೈಲ್ ಬಂದು ಕೀಲಿ ತಿರುಗಿಸಿದ. ಯಂತ್ರ ಕಾರಣ ಕೇಳಿತು. ಪರದೆಯ ಮೇಲೆ ಮೂರು ಕಾರಣಗಳಿದ್ದವು: ಮೀನು ಸತ್ತಿದೆ, ತಪ್ಪು ಮೀನು ಕೊಡಲಾಗಿದೆ, ಗಿರಾಕಿಯ ಮನಸ್ಸು ಬದಲಾಗಿದೆ. ನೀರು ಇನ್ನೂ ಸರಿಯಾಗಿಲ್ಲ ಎಂಬುದು ಎಲ್ಲಿಯೂ ಇರಲಿಲ್ಲ. ಯಾವುದನ್ನು ಒತ್ತಲಿ ಎಂದು ಕೈಲ್ ನನ್ನನ್ನು ಕೇಳಿದ. ಕೊನೆಗೆ ತಾನೇ ಮೂರನೆಯದನ್ನು ಒತ್ತಿದ. ಮೀನುಗಳನ್ನು ವಿಭಾಗಕ್ಕೆ ಒಯ್ದು ಮರಳಿ ಬಿಡುವ ಕೆಲಸವನ್ನು ಬೇರೊಬ್ಬರಿಗೆ ಹೇಳಿದ. ನಾನು ಮುಂದಿನ ಗಿರಾಕಿಯನ್ನು ಕರೆದೆ, ಆ ತಿಂಗಳ ಕೊನೆಯವರೆಗೆ ಹಾಗೆಯೇ ಕರೆಯುತ್ತಿದ್ದು ಆಮೇಲೆ ಕೆಲಸ ಬಿಟ್ಟೆ. ರಿವ್ಯೂ ಈಗಲೂ ಹಾಗೆಯೇ ಇದೆ, ನನ್ನ ಹೆಸರಿನೊಂದಿಗೆ.